ಬಿಳಿ ಜೆರ್ಸಿಗೆ ನಾನು ಹಾಕಿದ ನೀಲಿ

ನಾನು ಮೊದಲ ಸಲ ಎದ್ದು ಹೋದದ್ದು ಒಂದು ಗುರುವಾರ. ತಾರೀಕು ಮರೆತಿದೆ, ವಾರ ಮರೆತಿಲ್ಲ. ಗುರುವಾರ ಅಮ್ಮನಿಗೆ ಒಪ್ಪತ್ತು. ಅವತ್ತು ನನ್ನೊಬ್ಬನಿಗೋಸ್ಕರ ಮಾಡಿಟ್ಟ ಉಪ್ಪಿಟ್ಟು ದಂಡವಾಯಿತು ಎಂದು ಅಕ್ಕ ಇವತ್ತಿಗೂ ಹೇಳುತ್ತಾಳೆ. ಅಂದಿನಿಂದ ನಾನು ಕಾಲಿಟ್ಟ ಕಡೆಯೆಲ್ಲ ಏನಾದರೊಂದು ಆಗುತ್ತಲೇ ಬಂದಿದೆ. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನನಗೆ ಹೇಳುವಾಗಲೆಲ್ಲ ಕಿವಿ ಬಿಸಿಯಾಗುತ್ತದೆ. ಆದರೂ ಹೇಳುತ್ತೇನೆ, ಯಾಕೆಂದರೆ ಮುಚ್ಚಿಟ್ಟು ಆದ ಫಜೀತಿ ಇನ್ನೂ ದೊಡ್ಡದು.

ನೀರು

ಎಂಟನೇ ಕ್ಲಾಸಿನ ವಾರ್ಷಿಕ ಪರೀಕ್ಷೆ, ಲೆಕ್ಕ. ಮೊದಲನೇ ಪ್ರಶ್ನೆಯೇ ತ್ರೈರಾಶಿ. ಎಂಟು ಆಳುಗಳು ಒಂದು ಗೋಡೆಯನ್ನು ಹನ್ನೆರಡು ದಿನದಲ್ಲಿ ಕಟ್ಟಿದರೆ ಆರು ಆಳುಗಳು ಎಷ್ಟು ದಿನದಲ್ಲಿ ಕಟ್ಟುತ್ತಾರೆ?

ನಾನು ತುಂಬಾ ಹೊತ್ತು ಯೋಚಿಸಿದೆ. ಗೋಡೆಯ ಬಗ್ಗೆ ಅಲ್ಲ. ಉಳಿದ ಇಬ್ಬರು ಆಳುಗಳು ಎಲ್ಲಿಗೆ ಹೋದರು? ಅದನ್ನು ಪ್ರಶ್ನೆಪತ್ರಿಕೆಯಲ್ಲಿ ಹೇಳಿರಲಿಲ್ಲ. ಎಲ್ಲಿಗಾದರೂ ಹೋಗಿರಲಿ, ಇಲ್ಲಿ ಕೂತಿರುವುದಕ್ಕಿಂತ ಒಳ್ಳೆಯ ಜಾಗಕ್ಕೇ ಹೋಗಿರುತ್ತಾರೆ ಅನ್ನಿಸಿತು. ಎದ್ದು ನಿಂತೆ.

"ಸಾರ್, ನೀರು ಕುಡಿದು ಬರ್ತೀನಿ."

"ಬೇಗ ಬಾ" ಅಂದರು ಲೆಕ್ಕದ ಮೇಷ್ಟ್ರು.

ನಲ್ಲಿ ಇದ್ದದ್ದು ಗೇಟಿನ ಪಕ್ಕ. ಗೇಟು ತೆರೆದಿತ್ತು. ಗೇಟಿನಾಚೆ ಮಂಡ್ಯದ ಬಸ್ ಸ್ಟ್ಯಾಂಡು. ನೀರು ಕುಡಿದೆನೋ ಇಲ್ಲವೋ ನೆನಪಿಲ್ಲ. ಮೂರನೇ ದಿನ ಬೊಂಬಾಯಿಯ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದೆ.

ಹದಿನಾಲ್ಕು ವರ್ಷದ ಮೇಲೆ ಊರಿಗೆ ಹೋದಾಗ ಅದೇ ಮೇಷ್ಟ್ರು ತರಕಾರಿ ಅಂಗಡಿಯ ಮುಂದೆ ಸಿಕ್ಕರು. ರಿಟೈರಾಗಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಬದನೆಕಾಯಿ ಆರಿಸುತ್ತಲೇ ಕೇಳಿದರು:

"ಆಯ್ತೇನೋ, ಕುಡಿದಿದ್ದು?"

ಗಂಜಿ

ಬೊಂಬಾಯಿಯ ಲಾಂಡ್ರಿಯಿಂದ ಹಡಗಿನ ಲಾಂಡ್ರಿಗೆ ಹೋದೆ. ಹಡಗು ಫ್ರಾನ್ಸಿನ ಒಂದು ಬಂದರಿನಲ್ಲಿ ರಿಪೇರಿಗೆ ನಿಂತಾಗ ಅಲ್ಲಿಂದಲೂ ಇಳಿದುಬಿಟ್ಟೆ. ಆ ಊರಿನ ಹೆಸರು ನಾನು ಬರೆಯುವುದಿಲ್ಲ. ಅಲ್ಲಿನ ಫುಟ್‌ಬಾಲ್ ಕ್ಲಬ್ಬಿನ ಹೆಸರನ್ನಂತೂ ಬರೆಯುವುದೇ ಇಲ್ಲ. ಯಾಕೆ ಅನ್ನುವುದು ಮುಂದೆ ನಿಮಗೇ ತಿಳಿಯುತ್ತದೆ.

ಕ್ಲಬ್ಬಿನ ಲಾಂಡ್ರಿ ಸ್ಟೇಡಿಯಮ್ಮಿನ ನೆಲಮಾಳಿಗೆಯಲ್ಲಿತ್ತು. ನಡೆಸುತ್ತಿದ್ದವರು ಅರವತ್ತು ದಾಟಿದ ಒಬ್ಬ ಹೆಂಗಸು. ಎಲ್ಲರೂ ಮದಾಮ್ ಅನ್ನುತ್ತಿದ್ದರು, ನಾನೂ ಹಾಗೇ ಅಂದೆ. ಅವರ ಅಜ್ಜಿ ಆ ಕ್ಲಬ್ಬಿನ ಬಟ್ಟೆ ಒಗೆದಿದ್ದರು, ಆಮೇಲೆ ಅವರ ಅಮ್ಮ, ಈಗ ಅವರು. ನನಗೆ ಕಾಗದಪತ್ರ ಮಾಡಿಸಿಕೊಟ್ಟು, ಭಾಷೆ ಕಲಿಸಿ, ಕೆಲಸಕ್ಕಿಟ್ಟುಕೊಂಡರು. ಒಗೆಯುತ್ತಾ ಒಗೆಯುತ್ತಾ ಕ್ಲಬ್ಬಿನ ಚರಿತ್ರೆ ಹೇಳುತ್ತಿದ್ದರು. ಚರಿತ್ರೆ ಹೀಗೂ ಇರುತ್ತದೆ ಅಂತ ಗೊತ್ತಿದ್ದರೆ ನಾನು ಸ್ಕೂಲು ಬಿಡುತ್ತಿರಲಿಲ್ಲ.

ಕ್ಲಬ್ಬು ಕಟ್ಟಿದವರು ಮೀನು ಮಾರ್ಕೆಟ್ಟಿನ ಹಮಾಲಿಗಳು. ಅವರ ಬಿಳಿ ಮೇಲಂಗಿಗಳ ತೋಳು ಕತ್ತರಿಸಿದ್ದೇ ಮೊದಲ ಜೆರ್ಸಿ. "ಮಣ್ಣಲ್ಲಿ ಆಡೋರಿಗೆ ಬಿಳಿ ಯಾಕೆ ಮದಾಮ್?" ಅಂತ ಕೇಳಿದೆ. "ಯಾರು ಕೆಲಸ ಮಾಡಿದ್ರು, ಯಾರು ಸುಮ್ಮನೆ ನಿಂತಿದ್ರು ಅಂತ ಕಲೆ ನೋಡಿ ಹೇಳಬೇಕು, ಅದಕ್ಕೆ" ಅಂದರು. ಯುದ್ಧದ ಕಾಲದಲ್ಲಿ ಮೈದಾನ ಅಗೆದು ಆಲೂಗಡ್ಡೆ ಬೆಳೆದಿದ್ದರಂತೆ. ಶಾಂತಿಯಾದ ಮೇಲೆ ಮೊದಲ ಮ್ಯಾಚಿನಲ್ಲಿ ಗೋಲ್‌ಕೀಪರ್ ಚೆಂಡಿಗೆ ಹಾರಿ ಎದ್ದಾಗ ಕೈಯಲ್ಲಿ ಒಂದು ಆಲೂಗಡ್ಡೆಯೂ ಬಂದಿತ್ತಂತೆ. ಮೇಲಿನ ಡಿವಿಷನ್‌ಗೆ ಏರಿದ ವರ್ಷ ಊರವರು ಕಿಟಕಿಗಳಿಗೆಲ್ಲ ಬಿಳಿ ಹಾಸಿಗೆ ಹೊದಿಕೆ ಕಟ್ಟಿದ್ದರು. ಒಂದು ಸಲ ದಿವಾಳಿಯೆದ್ದು ಬಸ್ಸೂ ಹೋಯಿತು. ಆಗ ಆಟಗಾರರು ಮೀನಿನ ಲಾರಿಯಲ್ಲಿ ಕೂತು ಪರ ಊರಿಗೆ ಹೋಗುತ್ತಿದ್ದರು. "ಆ ವರ್ಷ ನಮ್ಮ ಹತ್ತಿರ ಬಂದು ಚೆಂಡು ಕಿತ್ತುಕೊಳ್ಳೋ ಧೈರ್ಯ ಯಾರಿಗೂ ಇರಲಿಲ್ಲ" ಅಂತ ಮದಾಮ್ ಮೂಗು ಹಿಡಿದುಕೊಂಡು ತೋರಿಸಿದರು.

ಇಂಥ ಘನವಾದ ಜೆರ್ಸಿ ಒಣಗಿದ ಮೇಲೆ ನೆನೆದ ಬೆಕ್ಕಿನ ಹಾಗೆ ಜೋತುಬಿದ್ದಿರುತ್ತಿತ್ತು. ನನಗೆ ನೋಡಲಾಗಲಿಲ್ಲ. ನಮ್ಮ ಅಪ್ಪ ಅಂಚೆ ಕಚೇರಿಯ ಗುಮಾಸ್ತರು. ಇಡೀ ದಿನ ಮುದ್ರೆ ಒತ್ತಿದರೂ ಅವರ ಬಿಳಿ ಅಂಗಿಯ ಮೇಲೆ ಒಂದು ಹನಿ ಮಸಿ ಬಿದ್ದದ್ದನ್ನು ಯಾರೂ ಕಂಡಿಲ್ಲ. ಭಾನುವಾರ ಅವರೇ ಅಂಗಿ ಒಗೆದು, ನೀಲಿ ಹಾಕಿ, ಗಂಜಿ ಹಾಕಿ, "ಅಂಗಿ ಅಂದ್ರೆ ಮನುಷ್ಯ ಇಲ್ದಿದ್ರೂ ನಿಂತ್ಕೋಬೇಕು ಕಣೋ" ಅನ್ನುತ್ತಿದ್ದರು. ಒಂದು ದಿನ ಮದಾಮ್ ಮಾರ್ಕೆಟ್ಟಿಗೆ ಹೋದಾಗ ನಾನು ಅಕ್ಕಿ ಬೇಯಿಸಿ, ಬಸಿದು, ಇಡೀ ತಂಡದ ಜೆರ್ಸಿಗೆ ಗಟ್ಟಿಯಾಗಿ ಗಂಜಿ ಕೊಟ್ಟುಬಿಟ್ಟೆ.

ಶನಿವಾರ ಮ್ಯಾಚು. ಕ್ಯಾಪ್ಟನ್ ಜೆರ್ಸಿ ಎತ್ತಿ ಗೋಡೆಗೆ ಒರಗಿಸಿದ. ಅದು ನಿಂತುಕೊಂಡಿತು. ತೋಳಿನೊಳಗೆ ಕೈ ತೂರಿಸಿದಾಗ ಪರ್ ಅಂತ ಸದ್ದು. "ಮದಾಮ್, ಇದು ಅಂಗಿ ಅಲ್ಲ, ಬಾಗಿಲು. ಚಿಲಕ ಎಲ್ಲಿದೆ?"

ಅಷ್ಟರಲ್ಲಿ ಮಳೆ ಬಂತು. ಗಂಜಿ ಕರಗಿ ಲೋಳೆಯಾಯಿತು. ಎದುರು ತಂಡದವರು ನಮ್ಮವರ ಜೆರ್ಸಿ ಹಿಡಿದು ಎಳೆಯೋಣ ಅಂದರೆ ಕೈ ಜಾರುತ್ತಿತ್ತು. ನಮ್ಮವರು ಬಾಳೆಮೀನಿನ ಹಾಗೆ ನುಣುಚಿಕೊಂಡು ಹೋಗಿ ಗೆದ್ದರು. ನಾನು ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದೆ. ಗೋಲ್‌ಕೀಪರ್ ಒಳಗೆ ಬಂದವನೇ ನನ್ನ ಮುಂದೆ ನಿಂತು, ತನ್ನ ತೋಳನ್ನು ಒಮ್ಮೆ ನೆಕ್ಕಿ ನೋಡಿ ಹೇಳಿದ:

"ಮುಂದಿನ ಸಲ ಸ್ವಲ್ಪ ಉಪ್ಪು ಹಾಕು."

ಕೋಚ್

ಅಮೆರಿಕದಲ್ಲಿರುವ ಅಕ್ಕ ನನ್ನನ್ನು ಅಲ್ಲಿಗೆ ಕರೆಸಿಕೊಳ್ಳಲು ಹಾಕಿದ್ದ ಅರ್ಜಿ ಮಂಜೂರಾಗುವಷ್ಟರಲ್ಲಿ ನಾನು ನಾಲ್ಕು ದೇಶ ಬದಲಾಯಿಸಿದ್ದೆ. ಫ್ರಾನ್ಸಿನಿಂದ ಹೇಗೆ ಹೊರಟೆ ಅನ್ನುವುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಈಗ ಎರಡು ವರ್ಷದಿಂದ ಓವರ್‌ಲೇಕ್ ಅನ್ನುವ ಊರಿನಲ್ಲಿ ಅಕ್ಕನ ಮನೆಯಲ್ಲಿದ್ದೇನೆ. ನನ್ನ ಮಟ್ಟಿಗೆ ಇದು ದಾಖಲೆ. ಭಾವ ದಿನಾ ಎವರೆಟ್‌ಗೆ ಡ್ರೈವ್ ಮಾಡಿ ವಿಮಾನ ಕಟ್ಟುವ ಕಾರ್ಖಾನೆಯಲ್ಲಿ ಎಂಜಿನಿಯರ್ ಕೆಲಸ ಮಾಡುತ್ತಾರೆ. ನಾನು ಡುವಾಲ್‌ನ ಒಂದು ತೋಟದಲ್ಲಿ ಕುಂಬಳಕಾಯಿ ಕಿತ್ತೆ, ಬಿಟ್ಟೆ. ಈಗ ಒಂದು ಹೋಟೆಲಿನ ಲಾಂಡ್ರಿಯಲ್ಲಿದ್ದೇನೆ.

ಶನಿವಾರ ಬೆಳಿಗ್ಗೆ ಯುರೋಪಿನ ಮ್ಯಾಚುಗಳು ಇಲ್ಲಿ ತಿಂಡಿ ಹೊತ್ತಿಗೆ ಬರುತ್ತವೆ. ಭಾವನ ಗೆಳೆಯರೊಬ್ಬರು, ಮೈಸೂರಿನ ಸಾಹೇಬರು, ಸಾಫ್ಟ್‌ವೇರಿನವರು. ಅವರ ಮನೆಯಲ್ಲಿ ನಾಲ್ಕೈದು ಜನ ಸೇರುತ್ತಾರೆ. ಮೊದಲ ಸಲ ಹೋದಾಗ ಭಾವ ನನ್ನನ್ನು ಪರಿಚಯಿಸಿದರು: "ನನ್ ಬಾಮೈದ. ಫ್ರಾನ್ಸಲ್ಲಿ ಪ್ರೊಫೆಷನಲ್ ಫುಟ್‌ಬಾಲ್ ಕ್ಲಬ್ಬಲ್ಲಿದ್ದ."

ಎಲ್ಲರೂ ತಿರುಗಿ ನೋಡಿದರು. ಲಾಂಡ್ರಿಯಲ್ಲಿದ್ದೆ ಅಂತ ಹೇಳಬೇಕಿತ್ತು. ಬಾಯಲ್ಲಿ ಒಂದು ಇಡೀ ಸಮೋಸ ಇತ್ತು. ಅದನ್ನು ನುಂಗುವಷ್ಟರಲ್ಲಿ ಮಾತು ಮುಂದೆ ಹೋಗಿಬಿಟ್ಟಿತ್ತು. ನನ್ನ ಜೀವನದ ದೊಡ್ಡ ಸುಳ್ಳು ನಾನು ಹೇಳಿದ್ದಲ್ಲ, ಜಗಿದದ್ದು.

ಮ್ಯಾಚು ನಡೆಯುತ್ತಿತ್ತು. ಸಾಹೇಬರು ಕೇಳಿದರು: "ನಿಮಗೇನನ್ಸುತ್ತೆ ಸಾರ್?"

"ಆ ನಾಲ್ಕನೇ ನಂಬರಿನವನನ್ನ ತೆಗೀಬೇಕು."

"ಅವನನ್ನಾ? ಸ್ಟಾರ್ ಸಾರ್ ಅವನು!"

"ಒಂದು ಗಂಟೆ ಆಯ್ತು. ಚಡ್ಡಿ ನೋಡಿ, ಇಸ್ತ್ರಿ ಗೆರೆ ಹಾಗೇ ಇದೆ."

ಎರಡು ನಿಮಿಷ ಆಗಿರಲಿಲ್ಲ, ಟೀವಿಯಲ್ಲಿ ಬೋರ್ಡು ಮೇಲೆದ್ದಿತು. ನಾಲ್ಕನೇ ನಂಬರ್ ಹೊರಗೆ. ಅವತ್ತಿನಿಂದ ನಾನು ಕೋಚ್ ಸಾರ್. ಪಾರ್ಕಿಂಗ್‌ನಲ್ಲಿ ಕೋಚ್ ಸಾರ್, ಕಿರಾಣಿ ಅಂಗಡಿಯಲ್ಲಿ ಕೋಚ್ ಸಾರ್. ಇಲ್ಲ ಅನ್ನಬೇಕು ಅಂದುಕೊಂಡಾಗಲೆಲ್ಲ ಯಾರಾದರೂ ತಟ್ಟೆ ತಂದು ಮುಂದೆ ಇಡುತ್ತಿದ್ದರು.

ಒಮ್ಮೆ ಸಾಹೇಬರ ಮನೆಯವರು ಮೇಜಿನ ಬಟ್ಟೆಯ ಮೇಲೆ ಸಾರು ಚೆಲ್ಲಿ ಅರಿಶಿನದ ಕಲೆ ಉಜ್ಜುತ್ತಾ ಕೂತಿದ್ದರು. ನನಗೆ ತಡೆಯಲಾಗಲಿಲ್ಲ. "ಉಜ್ಜಬೇಡಿ ತಾಯಿ. ಸೋಪು ಹಾಕಿ, ಒದ್ದೆಯಾಗೇ ಬಿಸಿಲಿಗೆ ಹಾಕಿ. ಸಂಜೆಗೆ ತಾನೇ ಹೋಗುತ್ತೆ." ಹೋಯಿತು. ಮುಂದಿನ ಶನಿವಾರ ಸಾಹೇಬರು ಎಲ್ಲರಿಗೂ ಆ ಬಟ್ಟೆ ಎತ್ತಿ ತೋರಿಸಿದರು:

"ನೋಡ್ರಪ್ಪಾ, ಯುರೋಪಿನಲ್ಲಿ ಕೋಚಿಂಗ್ ಅಂದ್ರೆ ಎಷ್ಟು ಡೀಪಾಗಿ ಕಲಿಸ್ತಾರೆ!"

ಪ್ರೈಮರಿ ಸೋರ್ಸ್

ಅಕ್ಕನ ಮಗಳು ಏಳನೇ ಕ್ಲಾಸು. ಮನೆಯಲ್ಲಿ ಪುಟ್ಟಿ ಅನ್ನುತ್ತೇವೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಒಂದು ದಿನ ನೋಟ್‌ಬುಕ್ಕು ಹಿಡಿದು ನನ್ನ ಎದುರು ಕೂತಳು.

ಸ್ಕೂಲಿನಲ್ಲಿ ಹಿಸ್ಟರಿ ಪ್ರಾಜೆಕ್ಟು. ಯಾವುದಾದರೊಂದು ಸಂಸ್ಥೆಯ ಚರಿತ್ರೆಯನ್ನು ಮೂರು ಮಡಿಕೆಯ ಬೋರ್ಡಿನ ಮೇಲೆ ಮಾಡಬೇಕು. ಕಣ್ಣಾರೆ ಕಂಡ ಒಬ್ಬ ಮನುಷ್ಯನನ್ನು ಮಾತಾಡಿಸಲೇಬೇಕು. ಅದಕ್ಕೆ ಪ್ರೈಮರಿ ಸೋರ್ಸ್ ಅನ್ನುತ್ತಾರಂತೆ. ಹೋದ ವರ್ಷ ಅವಳ ಪ್ರಾಜೆಕ್ಟು ಮೊದಲ ಸುತ್ತಿನಲ್ಲೇ ಬಿದ್ದಿತ್ತು, ಎಲ್ಲೋ ನೋಡಿ ಬರೆದ ಒಂದೇ ಒಂದು ತಪ್ಪು ಸಂಗತಿಗಾಗಿ. ಎರಡು ದಿನ ರೂಮಿನ ಬಾಗಿಲು ತೆರೆದಿರಲಿಲ್ಲ ಎಂದು ಅಕ್ಕ ಹೇಳಿದ್ದಳು. ಈ ಸಲ ತಪ್ಪಾಗಬಾರದು ಅಂತ ಅವಳು ನನ್ನನ್ನು ಆರಿಸಿಕೊಂಡಿದ್ದಳು. ನನ್ನನ್ನು!

ಮೀನಿನ ಹಮಾಲಿಗಳು, ಆಲೂಗಡ್ಡೆ, ಬಿಳಿ ಹೊದಿಕೆ, ಲಾರಿ ಎಲ್ಲ ಹೇಳಿದೆ. ಬರೆದುಕೊಂಡಳು. ಕಣ್ಣು ಹೊಳೆಯುತ್ತಿತ್ತು. ಆಮೇಲೆ ಇಂಟರ್‌ನೆಟ್ಟಿನಲ್ಲಿ ಕಂಡದ್ದೊಂದನ್ನು ಕೇಳಿದಳು: "ಮಾಮ, ವೈ ಡಿಡ್ ದೇ ಫಾಲ್ ಟು ದ ಲೋವರ್ ಡಿವಿಷನ್?"

"ಅದಾ? ಅದು ರೆಫರಿ ತಪ್ಪು."

"ವಾಟ್ ಡಿಡ್ ಹಿ ಡು?"

"ಅವನಿಗೆ ಬಣ್ಣಗಳು ಸರಿಯಾಗಿ ಕಾಣ್ತಿರಲಿಲ್ಲ."

"ಕಲರ್ ಬ್ಲೈಂಡ್?"

"ಹೂಂ."

ಬರೆದುಕೊಂಡಳು. ಕೆಳಗೆ ಎರಡು ಗೆರೆ ಬೇರೆ ಎಳೆದಳು. "ಅಂಡ್ ಯುವರ್ ಜಾಬ್?"

"ಜೆರ್ಸಿಗಳ ಪೂರ್ತಿ ಜವಾಬ್ದಾರಿ ನಂದೇ." ಇದೊಂದು ಮಾತ್ರ ಅಪ್ಪಟ ನಿಜ.

"ಸೋ ವೈ ಡಿಡ್ ಯು ಲೀವ್?"

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಅಕ್ಕನ ದನಿ ಬಂತು:

"ನೀರು ಕುಡಿಯೋಕೆ ಹೋಗಿರ್ತಾನೆ ಅಂತ ಬರ್ಕೊಳೇ."

ಪುಟ್ಟಿ ಅದನ್ನೂ ಬರೆದುಕೊಂಡಳು.

ತ್ರೈರಾಶಿ

ನಡೆದದ್ದು ಇದು.

ನದಿಯ ಆಚೆ ದಡದಲ್ಲಿ ಸೋಡಾ ಕಾರ್ಖಾನೆಯವರ ಕ್ಲಬ್ಬು. ಅವರ ಬಣ್ಣ ತಿಳಿ ನೀಲಿ. ಈ ದಡದವರು ಆ ದಡದವರ ಮನೆಗೆ ಹೆಣ್ಣು ಕೊಡುವ ಮುಂಚೆ ಹುಡುಗ ಯಾವ ಕ್ಲಬ್ಬಿನವನು ಅಂತ ಕೇಳುತ್ತಿದ್ದರು. ಆ ವರ್ಷದ ಕೊನೆಯ ಮ್ಯಾಚು ಅವರ ಮೇಲೆ, ನಮ್ಮ ಮೈದಾನದಲ್ಲಿ. ಸೋತರೆ ನಾವು ಕೆಳಗಿನ ಡಿವಿಷನ್‌ಗೆ ಬೀಳುತ್ತಿದ್ದೆವು.

ಗಂಜಿಯಿಂದ ಗೆಲ್ಲಿಸಿದವನು ನಾನು ಅನ್ನುವ ಜಂಬ ನನ್ನ ತಲೆಯಲ್ಲಿ ಕೂತಿತ್ತು. ಈ ಮ್ಯಾಚಿಗೆ ಜೆರ್ಸಿ ಹಾಲಿನ ಹಾಗೆ ಹೊಳೆಯಬೇಕು ಅಂದುಕೊಂಡೆ. ಹೊಳೆಯಬೇಕಾದರೆ ನೀಲಿ ಬೇಕು. ತಮಿಳರ ಅಂಗಡಿಯಲ್ಲಿ ಒಂದು ಬಾಟಲಿ ಸಿಕ್ಕಿತು. ಅಪ್ಪ ಒಂದು ಬಕೆಟ್ಟಿಗೆ ನಾಲ್ಕು ಹನಿ ಹಾಕುತ್ತಿದ್ದರು. ಮದಾಮ್ ಅವರ ಮಷೀನಿಗೆ ಎಷ್ಟು ಬಕೆಟ್ ನೀರು ಹಿಡಿಯುತ್ತೋ ಯಾರಿಗೆ ಗೊತ್ತು. ಒಂದು ಬಕೆಟ್ಟಿಗೆ ನಾಲ್ಕು ಹನಿಯಾದರೆ ಇಷ್ಟು ಬಕೆಟ್ಟಿಗೆ ಎಷ್ಟು? ಮಷೀನಿನ ಮುಂದೆ ನಿಂತು ಬೆರಳು ಮಡಚಿದೆ. ಅದೇ ಎಂಟನೇ ಕ್ಲಾಸಿನ ಲೆಕ್ಕ, ಇಷ್ಟು ದೂರ ನನ್ನನ್ನು ಹುಡುಕಿಕೊಂಡು ಬಂದಿತ್ತು. ಅವತ್ತು ಗೇಟು ತೆರೆದಿತ್ತು. ಇವತ್ತು ಉತ್ತರ ಬರೆಯಲೇಬೇಕಾಗಿತ್ತು.

ಇಡೀ ಬಾಟಲಿ ಸುರಿದೆ.

ಬಾಗಿಲು ತೆರೆದಾಗ ಹದಿನೆಂಟು ಜೆರ್ಸಿ ತಿಳಿ ನೀಲಿ. ಅಲ್ಲಲ್ಲಿ ಮೋಡ ಬೇರೆ. ಥೇಟ್ ಸೋಡಾ ಕಾರ್ಖಾನೆಯವರದ್ದೇ ಬಣ್ಣ. ನಮ್ಮ ಎರಡನೇ ಸೆಟ್ಟು ಹಸಿರು ಬಣ್ಣದ್ದಿತ್ತು. ಅದನ್ನು ಆಗಲೇ ಗಂಜಿ ಟಬ್ಬಿನಲ್ಲಿ ನೆನೆಹಾಕಿದ್ದೆ.

ರೆಫರಿ ಎರಡೂ ತಂಡಗಳನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿದ. ಅವನ ಕಣ್ಣು ಚೆನ್ನಾಗೇ ಇತ್ತು. "ಆಗಲ್ಲ" ಅಂದ. ಪಂಚಾಯ್ತಿಯಾಯಿತು. ಕೊನೆಗೆ ವೈರಿಗಳೇ ನಗುತ್ತಾ ತಮ್ಮ ಹಳದಿ ಬಣ್ಣದ ಎರಡನೇ ಸೆಟ್ಟು ಕಳಿಸಿಕೊಟ್ಟರು. ಎದೆಯ ಮೇಲೆ ಅವರ ಲಾಂಛನ. ನಾವು ಗಾಯಕ್ಕೆ ಹಚ್ಚುವ ಪಟ್ಟಿ ತಂದು ಪ್ರತಿಯೊಬ್ಬರ ಎದೆಗೂ ಅಂಟಿಸಿದೆವು. ಇಡೀ ತಂಡಕ್ಕೆ ಹೃದಯದ ಆಪರೇಷನ್ ಆದ ಹಾಗೆ ಕಾಣುತ್ತಿತ್ತು.

ಆ ಊರಲ್ಲಿ ಮಳೆ ಬಾರದ ಶನಿವಾರವೇ ಇಲ್ಲ. ಪಟ್ಟಿಗಳು ಒಂದೊಂದಾಗಿ ಬಿಚ್ಚಿಕೊಂಡು ಕೆಳಗೆ ಬಿದ್ದವು. ಎರಡನೇ ಅರ್ಧದಲ್ಲಿ ನಮ್ಮ ಫಾರ್ವರ್ಡ್ ಒಬ್ಬ ಅದ್ಭುತವಾದ ಗೋಲು ಹೊಡೆದ. ಪಂದ್ಯ ಸಮವಾಯಿತು. ಅವನು ಸೀದಾ ನಮ್ಮ ಅಭಿಮಾನಿಗಳ ಕಡೆ ಓಡಿದ, ಅಭ್ಯಾಸಬಲದಿಂದ ಎದೆಯ ಮೇಲಿನ ಲಾಂಛನ ಹಿಡಿದು ಎಳೆದ, ಕಣ್ಣು ಮುಚ್ಚಿ ಭಕ್ತಿಯಿಂದ ಮುತ್ತಿಟ್ಟ.

ವೈರಿಯ ಲಾಂಛನಕ್ಕೆ!

ಸ್ಟೇಡಿಯಮ್ಮು ಹೆಣ ಬಿದ್ದ ಮನೆಯ ಹಾಗಾಯಿತು. ಆಮೇಲೆ ಎದ್ದ ಗದ್ದಲದಲ್ಲಿ ನಮ್ಮವರು ಚೆಂಡನ್ನು ವೈರಿಗಳ ಕಾಲಿಗೇ ಒದೆಯತೊಡಗಿದರು. ಕೊನೆಯ ನಿಮಿಷದಲ್ಲಿ ಇನ್ನೊಂದು ಗೋಲು ತಿಂದರು. ಸೋತರು. ಬಿದ್ದರು. ಮದಾಮ್ ನೆಲಮಾಳಿಗೆಯಲ್ಲಿ ಆ ನೀಲಿ ಜೆರ್ಸಿಗಳನ್ನು ಮಡಚುತ್ತಾ ನನ್ನ ಕೈಗಳನ್ನೇ ನೋಡಿದರು. ಎರಡೂ ಮಣಿಕಟ್ಟಿನವರೆಗೆ ನೀಲಿ. ಬೈಯಲಿಲ್ಲ. ಬೈದಿದ್ದರೆ ನಾನು ಉಳಿಯುತ್ತಿದ್ದೆನೋ ಏನೋ.

"ಮದಾಮ್, ನೀರು ಕುಡಿದು ಬರ್ತೀನಿ" ಅಂದೆ.

ನೀಲಿ ಕೈ ಜೇಬಿನಲ್ಲಿಟ್ಟುಕೊಂಡು ರೈಲು ಹತ್ತಿದೆ. ಟಿಕೆಟ್ ನೋಡಲು ಬಂದವನು ನನ್ನ ಬೆರಳುಗಳನ್ನು ನೋಡಿ, ಟಿಕೆಟ್ ಕೇಳುವುದನ್ನೂ ಮರೆತು ಕೈ ಕುಲುಕಿದ. ಅವನು ಆಚೆ ದಡದವನು.

ಮೂರನೇ ಮಡಿಕೆ

ಪ್ರಾಜೆಕ್ಟು ತೋರಿಸುವ ದಿನ ಬಂತು. ಹದಿನೈದು ದಿನ ನನಗೆ ಸರಿಯಾಗಿ ಊಟ ಸೇರಿರಲಿಲ್ಲ. ಬೋರ್ಡಿನ ಎರಡು ಮಡಿಕೆ ಮನೆಯಲ್ಲೇ ನೋಡಿದ್ದೆ, ಆಲೂಗಡ್ಡೆಯ ಚಿತ್ರ ಸಮೇತ. ಮೂರನೆಯದನ್ನು ಪುಟ್ಟಿ ಕ್ಲಿಪ್ಪು ಹಾಕಿ ಮುಚ್ಚಿದ್ದಳು. ಕೇಳಿದರೆ "ಗ್ಲೂ ಈಸ್ ವೆಟ್" ಅನ್ನುತ್ತಿದ್ದಳು. ಅದರಲ್ಲೇ ನನ್ನ ಕುರುಡು ರೆಫರಿ ಇದ್ದಾನೆ ಅಂತ ನನಗೆ ಖಾತ್ರಿಯಾಗಿತ್ತು. ಒಂದೇ ಒಂದು ತಪ್ಪು ಸಂಗತಿ. ಈ ಸಲ ಅದನ್ನು ಕೊಟ್ಟವನು ಸ್ವಂತ ಸೋದರಮಾವ.

ಕಾರಿನಲ್ಲಿ ಹೇಳಿಬಿಡೋಣ ಅಂದುಕೊಂಡೆ. ಭಾವ ಇದ್ದರು, ಅಕ್ಕ ಇದ್ದಳು. ಸ್ಕೂಲಿನ ಹಾಲಿನಲ್ಲಿ ಹೇಳಿಬಿಡೋಣ ಅಂದುಕೊಂಡೆ. ಸಾಹೇಬರು ಮನೆಮಂದಿಯ ಜೊತೆ ಬಂದು, "ಕೋಚ್ ಸಾರ್ ಚರಿತ್ರೆ ಕೇಳೋಕೆ ರಜಾ ಹಾಕಿ ಬಂದಿದೀವಿ" ಅಂದರು. ತೀರ್ಪುಗಾರರು ಪಕ್ಕದ ಮೇಜಿನವರೆಗೆ ಬಂದರು. ನನ್ನ ಬಾಯಿ ತಾನೇ ತೆರೆದುಕೊಂಡಿತು:

"ಪುಟ್ಟೀ, ನೀರು ಕುಡಿದು ಬರ್ತೀನಿ."

ಅಕ್ಕನ ಮುಖ ನೋಡುವ ಧೈರ್ಯವಾಗಲಿಲ್ಲ.

ಕಾರಿಡಾರಿನ ಕೊನೆಯಲ್ಲಿ ಕುಡಿಯುವ ನೀರಿನ ನಲ್ಲಿ. ಅದರ ಪಕ್ಕದಲ್ಲೇ ಹೊರಬಾಗಿಲು. ಈ ನಲ್ಲಿಗಳನ್ನು ಯಾಕೆ ಯಾವಾಗಲೂ ಗೇಟಿನ ಪಕ್ಕವೇ ಇಡುತ್ತಾರೋ. ಬಿಳಿ ಕೂದಲಿನ ಒಬ್ಬ ಅಮೆರಿಕನ್ ಅಜ್ಜಿ ಬಾಟಲಿಗೆ ನೀರು ಹಿಡಿಯುತ್ತಿದ್ದರು. ನನ್ನ ಮುಖ ನೋಡಿ ಕೇಳಿದರು: "ಹುಷಾರಾಗಿದ್ದೀರಾ?"

ಯಾರದೋ ಅಜ್ಜಿ, ಮತ್ತೆ ಸಿಗುವವರಲ್ಲ. ನನ್ನ ಹರಕು ಇಂಗ್ಲಿಷಿನಲ್ಲಿ ಎಲ್ಲ ಕಾರಿಕೊಂಡೆ. ಬಾಟಲಿ, ಜೆರ್ಸಿ, ಮುತ್ತು, ರೆಫರಿಯ ಒಳ್ಳೆಯ ಕಣ್ಣು, ನಾನು ಕೋಚ್ ಅಲ್ಲ ದೋಭಿ ಅನ್ನುವುದು, ಒಳಗಿರುವ ಹುಡುಗಿಯದ್ದು ಏನೂ ತಪ್ಪಿಲ್ಲ ಅನ್ನುವುದು. ಅಜ್ಜಿಯ ಬಾಟಲಿ ತುಂಬಿ ಚೆಲ್ಲಿ ಬೂಟು ನೆನೆದರೂ ಅವರು ಅಲುಗಲಿಲ್ಲ. ಕೊನೆಗೆ ಮುಚ್ಚಳ ತಿರುಗಿಸಿ, "ಥ್ಯಾಂಕ್ ಯು" ಅಂದು, ಕೋಟಿನ ಜೇಬಿನಿಂದ ಒಂದು ಬ್ಯಾಡ್ಜ್ ತೆಗೆದು ಎದೆಗೆ ಸಿಕ್ಕಿಸಿಕೊಂಡು ಹಾಲಿನೊಳಗೆ ಹೋದರು.

ಬ್ಯಾಡ್ಜಿನ ಮೇಲೆ ಜಡ್ಜ್ ಅಂತ ಬರೆದಿತ್ತು.

ನಾನು ಹೊರಬಾಗಿಲ ಹಿಡಿಯ ಮೇಲೆ ಕೈ ಇಟ್ಟಿದ್ದೆ. ನಿಜ ಹೇಳುತ್ತೇನೆ, ಇಟ್ಟಿದ್ದೆ. ಆದರೆ ಪುಟ್ಟಿ ಎರಡು ದಿನ ಬಾಗಿಲು ತೆರೆದಿರಲಿಲ್ಲ ಅಂತ ಅಕ್ಕ ಹೇಳಿದ್ದು ನೆನಪಾಯಿತು. ವಾಪಸ್ ಓಡಿದೆ. ಜೀವನದಲ್ಲಿ ನೀರಿನ ಹತ್ತಿರದಿಂದ ವಾಪಸ್ ಬಂದದ್ದು ಅದೇ ಮೊದಲು.

ಅಷ್ಟರಲ್ಲಿ ಮೂರನೇ ಮಡಿಕೆ ತೆರೆದಿತ್ತು. ಮೇಲೆ ದಪ್ಪ ಅಕ್ಷರದಲ್ಲಿ: "ವೈ ಮೈ ಪ್ರೈಮರಿ ಸೋರ್ಸ್ ಲೈಡ್." ನನ್ನ ಸೋರ್ಸ್ ಯಾಕೆ ಸುಳ್ಳು ಹೇಳಿದ. ಕೆಳಗೆ ಒಂದು ದೊಡ್ಡ ಫೋಟೋ. ಫಾರ್ವರ್ಡ್ ಕಣ್ಣು ಮುಚ್ಚಿ ಮುತ್ತಿಡುತ್ತಿದ್ದಾನೆ. ಹಿಂದೆ ಮೂಲೆಯಲ್ಲಿ ನಾನು, ಎರಡೂ ನೀಲಿ ಕೈಗಳಿಂದ ತಲೆ ಹಿಡಿದುಕೊಂಡು. ಪುಟ್ಟಿ ನನ್ನ ಸುತ್ತ ಕೆಂಪು ಪೆನ್ನಿನಲ್ಲಿ ವೃತ್ತ ಹಾಕಿದ್ದಳು.

ಮಗು ನನ್ನ ಮಾತನ್ನು ನಂಬಿ ಕೂತಿರಲಿಲ್ಲ. ಹೋದ ವರ್ಷದ ಪೆಟ್ಟು ಅವಳಿಗೆ ಬುದ್ಧಿ ಕಲಿಸಿತ್ತು. ಮೊದಲ ದಿನವೇ ಆ ಕ್ಲಬ್ಬಿಗೆ ಈಮೇಲ್ ಮಾಡಿದ್ದಳು. ಸ್ಟೇಡಿಯಮ್ಮಿನಲ್ಲಿ ಈಗ ಒಂದು ಪುಟ್ಟ ಮ್ಯೂಸಿಯಂ ಇದೆಯಂತೆ. ಅದರ ಬೀಗದ ಕೈ ಇರುವುದು ಮದಾಮ್ ಹತ್ತಿರ. ಅವರೇ ಕಾಗದ ಬರೆಸಿದ್ದರು. ಪುಟ್ಟಿ ಅದನ್ನು ಎಲ್ಲರೆದುರು ಇಂಗ್ಲಿಷಿನಲ್ಲಿ ಓದಿದಳು. ಅದರ ಸಾರಾಂಶ ಹೀಗೆ:

"ಆ ವರ್ಷ ನಮ್ಮ ತಂಡ ಎಷ್ಟು ಕೆಟ್ಟದಾಗಿತ್ತೆಂದರೆ ಯಾವ ಬಣ್ಣ ಹಾಕಿದ್ದರೂ ಬೀಳುತ್ತಿತ್ತು. ಆದರೆ ಇದನ್ನು ನಿನ್ನ ಮಾಮನಿಗೆ ಹೇಳಬೇಡ. ಇನ್ನೂ ಸ್ವಲ್ಪ ದಿನ ನಾಚಿಕೆಪಡಲಿ. ಗಂಜಿ ಟಬ್ಬು ತೊಳೆಯದೆ ಹೋಗಿದ್ದಾನೆ."

ನಕ್ಕರು, ನಕ್ಕರು. ಭಾವ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಸಾಹೇಬರು ನನ್ನ ಹತ್ತಿರ ಬಂದು ಭುಜದ ಮೇಲೆ ಕೈಯಿಟ್ಟು, ಬಹಳ ಗಂಭೀರವಾಗಿ ಕೇಳಿದರು: "ಕೋಚ್ ಸಾರ್, ಹಾಗಾದ್ರೆ ಆ ನಾಲ್ಕನೇ ನಂಬರ್?"

"ಇಸ್ತ್ರಿ ಗೆರೆ ಸಾಹೇಬ್ರೇ. ಅಷ್ಟೇ ನನಗೆ ಗೊತ್ತಿರೋದು."

"ಶನಿವಾರ ಬೇಗ ಬನ್ನಿ. ಇನ್ನೆರಡು ಮೇಜಿನ ಬಟ್ಟೆ ಇವೆ."

ಜಡ್ಜ್ ಅಜ್ಜಿ ಪುಟ್ಟಿಯ ಬೋರ್ಡಿಗೆ ಮುಂದಿನ ಸುತ್ತಿನ ರಿಬ್ಬನ್ ಅಂಟಿಸಿ ಹೇಳಿದರು: "ನಲವತ್ತು ವರ್ಷ ಚರಿತ್ರೆ ಪಾಠ ಮಾಡಿದ್ದೇನೆ. ಕೇಳದೆಯೇ ನಲ್ಲಿಯ ಹತ್ತಿರ ಬಂದು ತಪ್ಪೊಪ್ಪಿಕೊಳ್ಳುವ ಸೋರ್ಸ್ ನನಗೆ ಸಿಕ್ಕಿದ್ದು ಇದೇ ಮೊದಲು."

ಇಲ್ಲಿಗೆ ಮುಗಿದಿದ್ದರೆ ನಾನು ಇನ್ನೂ ಕೆಲವು ವರ್ಷ ಇಲ್ಲೇ ಇರುತ್ತಿದ್ದೆ. ಮುಗಿಯಲಿಲ್ಲ.

ಮ್ಯೂಸಿಯಮ್ಮಿನಲ್ಲಿ ಆ ನೀಲಿ ಜೆರ್ಸಿಗಳಲ್ಲಿ ಒಂದನ್ನು ಗಾಜಿನ ಪೆಟ್ಟಿಗೆಯಲ್ಲಿ ನೇತುಹಾಕಿದ್ದಾರಂತೆ. ಕೆಳಗಿನ ಫಲಕದಲ್ಲಿ ಇಷ್ಟು ವರ್ಷ "ಒಗೆದವನು: ಒಬ್ಬ ಭಾರತೀಯ" ಅಂತ ಮಾತ್ರ ಇತ್ತು. ಪುಟ್ಟಿ ಚರಿತ್ರೆಕಾರಳಲ್ಲವೇ. ಅಪೂರ್ಣ ಮಾಹಿತಿ ಇರಬಾರದು ಅಂತ, ನನ್ನ ಪಾಸ್‌ಪೋರ್ಟ್ ತೆಗೆದು ನೋಡಿ, ಇನಿಷಿಯಲ್‌ಗಳನ್ನೆಲ್ಲ ಬಿಡಿಸಿ ಪೂರ್ತಿ ಹೆಸರು ಕಳಿಸಿದ್ದಾಳೆ. ಅವರು ಸಂತೋಷದಿಂದ ಹೊಸ ಫಲಕ ಕೆತ್ತಿಸಿ ಫೋಟೋ ಕಳಿಸಿದ್ದಾರೆ. ಊರಿನ ಹೆಸರು ಮೊದಲು, ಆಮೇಲೆ ಅಪ್ಪನ ಹೆಸರು, ಕೊನೆಗೆ ನನ್ನದು. ಜಾಗ ಸಾಲದೆ ನನ್ನ ಹೆಸರು ಚಿಕ್ಕದಾಗಿದೆ. ಅಪ್ಪನದು ದೊಡ್ಡದಾಗಿ ಚೆನ್ನಾಗಿ ಬಂದಿದೆ.

ಇಡೀ ಜೀವಮಾನ ಅಂಗಿಯ ಮೇಲೆ ಒಂದು ಹನಿ ಮಸಿ ಬೀಳಿಸಿಕೊಳ್ಳದ ಮನುಷ್ಯ! ಈಗ ಫ್ರಾನ್ಸಿನಲ್ಲಿ, ಮೋಡ ಮೋಡವಾದ ಒಂದು ನೀಲಿ ಜೆರ್ಸಿಯ ಕೆಳಗೆ, ಹಿತ್ತಾಳೆಯ ಅಕ್ಷರದಲ್ಲಿ.

ಮದಾಮ್‌ಗೆ ಫೋನ್ ಮಾಡಿದೆ. ಇಷ್ಟು ವರ್ಷದ ಮೇಲೆ ಮೊದಲ ಮಾತು ಅದೇ: "ಮದಾಮ್, ನನ್ನ ಹೆಸರಿರಲಿ, ನಮ್ಮ ಅಪ್ಪನ ಹೆಸರು ತೆಗೆಸಿ."

"ಜೆರ್ಸಿ ನೀಲಿ ಇರೋವರೆಗೂ ಫಲಕ ಇರುತ್ತೆ" ಅಂದರು. "ಬಿಳಿ ಮಾಡೋನು ನೀನೇ ಬಾ. ಟಬ್ಬು ಕೂಡ ಹಾಗೇ ಇದೆ."

ಅದಕ್ಕೇ ಈಗ ಸೂಟ್‌ಕೇಸು ಮಂಚದ ಮೇಲಿದೆ. ಎರಡು ಪ್ಯಾಂಟು, ನಾಲ್ಕು ಅಂಗಿ. ಹಳೆಯ ನೀಲಿ ಬಿಡಿಸಲು ನೆನೆಹಾಕುವ ಬಿಳಿ ವಿನೆಗರ್ ಅಲ್ಲೇ ಕೊಂಡರಾಯಿತು. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಜಿಪ್ ಎಳೆಯುತ್ತಿದ್ದೆ, ಬಾಗಿಲಲ್ಲಿ ಪುಟ್ಟಿ.

ಸೂಟ್‌ಕೇಸು ನೋಡಿದಳು, ನನ್ನ ಮುಖ ನೋಡಿದಳು. ನಾನು ಅಭ್ಯಾಸಬಲದಿಂದ, ಆ ಫಾರ್ವರ್ಡ್ ಲಾಂಛನಕ್ಕೆ ಮುತ್ತಿಟ್ಟ ಹಾಗೇ, ಅಂದುಬಿಟ್ಟೆ:

"ನೀರು ಕುಡಿದು ಬರ್ತೀನಿ ಪುಟ್ಟಿ."

ಅವಳು ಒಳಗೆ ಹೋದಳು. ತುಂಬಿದ ಲೋಟ ತಂದು ನನ್ನ ಕೈಗಿಟ್ಟಳು. ಎರಡು ವರ್ಷದಲ್ಲಿ ಮೊದಲ ಸಲ ಅವಳ ಬಾಯಿಂದ ಕನ್ನಡ ಕೇಳಿದೆ.

"ಇಲ್ಲೇ ಕುಡಿ ಮಾಮ. ಆಮೇಲೆ ಎಲ್ಲಿಗೆ ಅಂತ ಅಮ್ಮಂಗೆ ಹೇಳಿ ಹೋಗು."

ಕೈ ಕಟ್ಟಿಕೊಂಡು, ಲೋಟ ಖಾಲಿಯಾಗುವವರೆಗೂ ನನ್ನನ್ನೇ ನೋಡುತ್ತಾ ನಿಂತಳು. ಸೋರ್ಸನ್ನು ನಂಬುವ ಹಾಗಿಲ್ಲವಲ್ಲ. ಮೂವತ್ತು ವರ್ಷದಿಂದ ನೀರು ಕುಡಿಯಲು ಹೋಗುತ್ತಿದ್ದೇನೆ. ಕುಡಿದು ಹೊರಟದ್ದು ಇದೇ ಮೊದಲು.